ಅವ್ವನ ಹಲಗೆ

ಮಿನ್ ನದಿಯ ಕಡವಿನಲ್ಲಿ ರುಯಿಲಾನ್ ಬುಟ್ಟಿಯೊಂದನ್ನು ಎದೆಗವಚಿಕೊಂಡು ದೋಣಿಗಾಗಿ ಕಾಯುತ್ತ ಕೂತಿದ್ದಳು. ಅವಳ ಗಂಡನ ಅಕ್ಕ ಸುಯಿಂಗ್ ಏದುಸಿರು ಬಿಡುತ್ತ ಬಂದಳು.

“ಬುಟ್ಟೀಲೇನೇ?”

“ಉಪ್ಪುಮೀನು ಅತ್ತಿಗೆ, ಪಾದ್ರಿಗಳಿಗೆ.”

“ಮೀನನ್ನ ಹಿಂಗೆ ಎದೆಗವಚ್ಕೋತಾರಾ? ನಾವು ಧೂಪ ಹಚ್ಚಿ ಪೂಜಿಸೋ, ಸತ್ತ ನಮ್ಮವ್ವನ ಹೆಸರಿನ ಹಲಗೆ ತಾನೇ?”

“ನಾಳೆ ನನಗೆ ದೀಕ್ಷಾಸ್ನಾನ. ಅದಕ್ಕೆ ಮುಂಚೆ ಇದನ್ನ ಸುಡ್ಬೇಕಂತೆ.”

“ಆ ಪರದೇಶದ ಪಾದ್ರಿ ತನ್ನ ತಾಯಿ ಪಟಾನ ಗೋಡೆಗೆ ಹಾಕ್ಕೊಂಡಿಲ್ವಾ?”

“ಅದಕ್ಕೆ ಧೂಪ ಹಚ್ಚಲ್ವಂತೆ.”

“ನೀನೂ ಹಚ್ಬೇಡ. ಸುಡೋದ್ಯಾಕೆ?”

“ಹಂಗಾದ್ರೆ ನೀವೇ ಇಟ್ಕೊಳ್ಳಿ.”

“ಕೊಟ್ಟ ಹೆಣ್ಣು ಗಂಡನ ಮನೇಲಿ ತವರಿನ ಹಲಗೆ ಇಟ್ರೆ ಬಿಡ್ತಾರೇನೇ?”

ದೋಣಿ ದಡ ಮುಟ್ಟಿತು. ರುಯಿಲಾನ್ ಏಳಲಿಲ್ಲ. ಸುಯಿಂಗ್ ಬುಟ್ಟಿಯಿಂದ ಹಲಗೆಯನ್ನು ತೆಗೆದು ತನ್ನ ಹತ್ತಿಯಂಗಿಯೊಳಗೆ ಸೇರಿಸಿಕೊಂಡಳು.

“ಅವ್ವ ನಮ್ಮನೆ ಅಟ್ಟದ ಮೇಲೆ, ಯಾರ ಕಣ್ಣಿಗೂ ಬೀಳದಂಗೆ ಇರ್ತಾಳೆ. ನೀನು ನಿನ್ನ ದೇವರ ಹತ್ರ ಹೋಗು.”

ರುಯಿಲಾನ್ ದೋಣಿ ಹತ್ತಿದಳು. ಸುಯಿಂಗ್ ತಿರುಗಿ ನೋಡದೆ ಊರಿನತ್ತ ನಡೆದಳು.