ಅಮ್ಮನ ಮುಖವಾಡಕ್ಕೊಂದು ಬಟ್ಟೆ

ಲಕ್ಷ್ಮೀಪುರಂ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ವಯಸ್ಸಾದವರೊಬ್ಬರು ಕೂತಿದ್ದರು. ಅವರನ್ನು ಬಸ್ಸು ಹತ್ತಿಸಲು ಬಂದಿದ್ದ ಹುಡುಗಿಯ ಕೊರಳಲ್ಲಿ ಮ್ಯೂಸಿಯಮ್ಮಿನ ಗುರುತಿನ ಚೀಟಿಯಿತ್ತು.

“ನಿಮ್ಮ ಊರಮ್ಮನ ಮುಖವಾಡ ವಾಪಸ್ ಬೇಕಿತ್ತಾ, ನಿಂಗಯ್ಯನೋರೇ?”

“ಬ್ಯಾಡ ಕಣವ್ವ. ಊರಲ್ಲಿದ್ರೆ ಗೆದ್ಲು ತಿಂದ್ಬುಡೋದು ಅಂತ ನಮ್ಮಪ್ಪನೇ ನಿಮ್ ಮ್ಯೂಸಿಯಮ್ಮಿಗೆ ಕೊಟ್ಟಿದ್ದು.”

“ಮತ್ತೆ ಬೇಜಾರು ಯಾತಕ್ಕೆ?”

“ಕುಣಿತ ಮುಗುದ್ಮೇಲೆ ನಾವು ಅಮ್ಮನ ಮುಖಕ್ಕೆ ಬಟ್ಟೆ ಮುಚ್ಚಿ ಮಲಗುಸ್ತೀವಿ. ನೀವು ನಲವತ್ತು ವರ್ಷದಿಂದ ಲೈಟ್ ಹಾಕಿ ನಿಲ್ಸಿದ್ದೀರಿ. ಅವ್ಳಿಗೆ ನಿದ್ದೆ ಬ್ಯಾಡ್ವಾ?”

“ಮುಚ್ಚಿಬಿಟ್ರೆ ಬಂದವ್ರು ಏನು ನೋಡ್ತಾರೆ?”

“ಕುಣಿತದ ದಿನ ತೆಗೀರಿ, ನೋಡ್ಲಿ.”

“ಮಿಕ್ಕ ದಿನ?”

ಅಷ್ಟರಲ್ಲಿ ಬಸ್ಸು ಬಂತು. ನಿಂಗಯ್ಯ ಮೆಟ್ಟಿಲ ಮೇಲೆ ನಿಂತು ತಿರುಗಿದರು.

“ಅಮ್ಮ ಮಲಗವ್ಳೆ, ಗಲಾಟೆ ಮಾಡ್ಬೇಡಿ ಅಂತ ಬೋರ್ಡ್ ಹಾಕಿ.”