ದೋಣಿಗೆ ಹೊಸ್ಲು ಯಾವುದು

ಸುತ್ತಿಗೆ ನಾನು ಕೊಡಾಕಿಲ್ಲ ಕಣ್ರಪ್ಪ, ನೀವು ಎಷ್ಟು ಕೇಳುದ್ರೂ ಅಷ್ಟೇ. ಆ ಲಾಳ ಅಲ್ಲೇ ದಾರದಲ್ಲೇ ನೇತಾಡ್ಲಿ. ಎಲ್ಲಾರ ಮನೇಲೂ ಹೊಸ್ಲಿಗೆ ಮೊಳೆ ಹೊಡ್ದವ್ರೆ, ನಮ್ಮನೇಲಿ ಮಾತ್ರ ಯಾಕಜ್ಜಿ ಗೋಣಿದಾರ ಅಂತೀರಲ್ಲ, ಕೂತ್ಕಳಿ, ಹೇಳ್ತೀನಿ. ಸೌಮ್ಯಾ, ಆ ಕೀ ಕೆಳಗೆ ಮಡಗು ಮಗಾ, ನಿನ್ನ ಒಸ ಸ್ಕೂಟ್ರು ಎಲ್ಲೂ ಓಗಾಕಿಲ್ಲ. ಗಳ್ಗೆಗೊಂದ್ಸಲ ಎದ್ದೋಗಿ ನೋಡ್ಕಂಡ್ ಬತ್ತಾ ಇದ್ದೀಯ, ನಾನೂ ನೋಡ್ತಾನೇ ಇವ್ನಿ. ಒಸದು ಅಂತ ಒಂದು ಮನೆಗೆ ಬಂದ್ಮೇಲೆ ಅದು ನಿಂತ ಕಡೆ ನಿಂತ್ರೂ ನಮ್ಮ ಮನಸು ನಿಲ್ಲಾಕಿಲ್ಲ. ನನಗೆ ದೋಣಿ ಬಂದಾಗ ಆಗಿದ್ದೂ ಅದೇಯ.

ನಮ್ಮ ಗದ್ದೆ ಹೊಳೆ ನಡುಗಡ್ಡೇಲದೆ, ಗೊತ್ತಲ್ಲ. ಅಲ್ಲಿಗೆ ದಾಟಬೇಕು ಅಂದ್ರೆ ರಂಗಶೆಟ್ಟಿ ತೆಪ್ಪವೇ ಗತಿ. ಅದೇ, ಮಂಕರಿ ಬುಟ್ಟಿ ಥರ ದುಂಡಗೆ ಇರ್ತದಲ್ಲ, ಅದು. ಅವರಪ್ಪ ನಮ್ಮತ್ತೇನ ದಾಟಿಸ್ತಿದ್ದ, ಇವ ನನ್ನ ದಾಟಿಸ್ತಿದ್ದ. ಸುಗ್ಗೀಲಿ ಭತ್ತ ಕೊಡ್ತಿದ್ವಿ, ಇಷ್ಟೇ ಕೊಡಿ ಅಂತ ಒಂದಿನಾನೂ ಬಾಯಿ ಬಿಟ್ಟೋನಲ್ಲ. ಅಂತಾವನಿಗೆ ನೋಡಿ, ಈ ಪೋಟೋದವ್ರು ಗಂಟು ಬಿದ್ರು. ಮದ್ವೆಗೆ ಮುಂಚೆ ಗಂಡು ಹೆಣ್ಣು ಬಂದು ನೀರಿನ ಮ್ಯಾಲೆ ಪೋಟೋ ತೆಗಿಸ್ಕಳದು ಸುರುವಾಯ್ತಲ್ಲ, ಮೈಸೂರಿಂದ, ಎಲ್ಲೆಲ್ಲಿಂದಲೋ ಕಾರು ಬರೋವು. ಅವತ್ತು ನಾಟಿ. ಗಡ್ಡೇಲಿ ಆಳು ಕಾಯ್ತಾ ಅವ್ರೆ, ನನ್ನ ತಲೆ ಮ್ಯಾಲೆ ಹಿಟ್ಟು ಸಾರಿನ ಮಂಕರಿ, ಬಿಸಿ ಸಾರು ತುಳುಕಿ ಕುತ್ತಿಗೆ ಮ್ಯಾಲೆ ಇಳೀತಾ ಅದೆ. ಇವ ನೋಡುದ್ರೆ ನಡುನೀರಲ್ಲಿ ಆ ಗಂಡು ಹೆಣ್ಣ ಕೂರಿಸ್ಕಂಡು ತೆಪ್ಪವ ಗಿರಗಿರ ತಿರುಗುಸ್ತಾ ಅವ್ನೆ. ಆ ಹುಡುಗಿ ಲಂಗ ಅರ್ಧ ಹೊಳೆ ಮುಚ್ಚಿತ್ತು. "ರಂಗಾ, ಬಾರೋ" ಅಂದೆ. "ಒಂದ್ ಗಳ್ಗೆ ಇರಕ್ಕಾ, ಇವ್ರುದೊಂದ್ ಪೋಟೋ ಮುಗೀಲಿ" ಅಂದ. ಮತ್ತೂ ಕೂಗ್ದೆ. ಮತ್ತೂ ಅದೇ, "ಒಂದ್ ಗಳ್ಗೆ ಇರಕ್ಕಾ." ನನಗೆ ಎಲ್ಲಿತ್ತೋ ಕ್ವಾಪ, ಊರಿಗೇ ಕೇಳಂಗೆ ಅಂದ್ಬುಟ್ಟೆ, "ನಿನ್ನ ತೆಪ್ಪ ನೀನೇ ಮಡೀಕಳೋ, ನಾವೇ ಒಂದು ದೋಣಿ ತತ್ತೀವಿ. ಇನ್ ಮ್ಯಾಕೆ ನಾನು ನಿನ್ನ ಕೂಗುದ್ರೆ ನನಗೆ ಬ್ಯಾರೆ ಹೆಸ್ರು ಮಡಗು." ಅಂದಾಯ್ತಲ್ಲ, ದಡದಲ್ಲಿ ಬಟ್ಟೆ ಒಗೀತಿದ್ದ ಹೆಂಗಸ್ರೆಲ್ಲ ಕೇಳಿಸ್ಕಂಡ್ರು, ಇನ್ನು ತರದೆ ಇರಕ್ಕಾಯ್ತದಾ.

ನಿಮ್ಮ ತಾತನಿಗೆ ಉಂಡನ್ನ ಅರಗದಂಗೆ ಮಾಡ್ದೆ. ನೋಡಿ, ಒಳಗೆ ಕೂತ್ಕಂಡು ನಗ್ತಾ ಅವ್ರೆ, ಕೇಳುಸ್ತದೆ ನನಗೆ. ನಗಿ, ನಗಿ. ಎಲ್ಲೆಲ್ಲೋ ವಿಚಾರಿಸಿ, ಕೊನೆಗೆ ಹೂಗ್ಯಂ ಕಡೆ ಮೀನು ಗುತ್ತಿಗೆ ಮಾಡ್ತಿದ್ದ ಒಬ್ಬ ತನ್ನ ಪೈಬರ್ ದೋಣಿ ಮಾರ್ತಾನೆ ಅಂತ ಗೊತ್ತಾಯ್ತು. ಓದ್ವಿ. ಅವನದು ಅರ್ಧ ತಮಿಳು, ಅರ್ಧ ಕನ್ನಡ. "ಅಮ್ಮಾ, ನಲ್ಲ ಬೋಟುಮ್ಮಾ, ಒಂದ್ ಚೊಟ್ಟು ನೀರ್ ಒಳಗ್ ಬರಾದಿಲ್ಲೆ" ಅಂದ, ಒಂದು ತೊಟ್ಟು ನೀರೂ ಒಳೀಕ್ಕೆ ಬರಾಕಿಲ್ಲ ಅಂತ. ಸತ್ಯವಾಗ್ಲೂ ಅವ ಸುಳ್ಳು ಹೇಳಿರ್ನಿಲ್ಲ, ಅದು ನನಗೆ ಆಮೇಲೆ ಗೊತ್ತಾಗಿದ್ದು. ಗೂಡ್ಸ್ ಆಟೋ ಮ್ಯಾಲೆ ಹಗ್ಗ ಬಿಗಿದು ತಂದ್ವಿ. ಹನೂರು ಬರೋವರ್ಗೂ ಸರಿ ಇತ್ತು, ಕೊಳ್ಳೇಗಾಲದ ಬಸ್ಟಾಂಡ್ ತಾವು ಅದರ ಮೂತಿ ಒಂದು ಬಸ್ಸಿನ ಕಿಟಕಿ ಒಳಕ್ಕೇ ಓಗಿ ಸಿಕ್ಕಾಕತ್ತು. ಕಿಟಕಿ ಪಕ್ಕ ಕೂತಿದ್ದವನೊಬ್ಬ "ಅಜ್ಜಿ, ಇದಕ್ಕೂ ಟಿಕೇಟು ತಗಂಡಿದ್ದೀರಾ" ಅಂತ ಕೇಳ್ದ. ನಾನು ಮುಂದಕ್ಕೆ ನೋಡ್ಕಂಡು ಕೂತಿದ್ದೆ. ದೋಣಿ ಇರೋ ಹೆಂಗಸು ನಾನು, ಅವನಿಗೆ ಯಾಕೆ ಜವಾಬು ಕೊಡ್ಲಿ.

ಪೂಜೆ ಮಾಡ್ದೆ ನೀರಿಗೆ ಬಿಡಕ್ಕಾಯ್ತದಾ? ಅಯ್ನೋರ ಕರೆಸ್ದೆ. ಕಾರಿಗೆ ಟ್ಯಾಕ್ಟ್ರಿಗೆ ಪೂಜೆ ಮಾಡಿ ಅವರಿಗೆ ಅಭ್ಯಾಸ, "ನಿಂಬೆಹಣ್ಣ ಯಾವ ಚಕ್ರದ ಕೆಳಗೆ ಮಡಗ್ಲವ್ವ?" ಅಂದ್ರು. ಚಕ್ರ ಎಲ್ಲದೆ. ನೀರಲ್ಲೇ ದೋಣಿ ಮುಂದಕ್ಕೆ ಮಡಗಿ ಅಂದೆ, ಮಡಗುದ್ರು, ಅವು ತೇಲ್ಕಂಡು ರಂಗಶೆಟ್ಟಿ ತೆಪ್ಪದ ತಾವಕ್ಕೇ ಓಗಿ ನಿಂತ್ಕಂಡೋ. ಅವ ಎತ್ತಿ ಜೋಬಿಗೆ ಹಾಕಂಡ. ಅಷ್ಟೊತ್ಗೆ ಅಗರದಿಂದ ಬಂದಿದ್ದ ನಮ್ಮ ನಾದಿನಿ, ಅದೇ ನಾಗತ್ತೆ, ಸೆರಗಿನ ಗಂಟು ಬಿಚ್ಚಿ ಈ ಲಾಳ ತೆಗುದ್ಲು. "ಅತ್ಗೆ, ಊರ್ ಕಣ್ಣೆಲ್ಲಾ ನಿಮ್ ಮ್ಯಾಲದೆ, ಇದು ಜಟಕಾ ಕುದುರೆ ಲಾಳ, ಹೊಸ್ಲಿಗೆ ಹೊಡುಸ್ಬುಡಿ" ಅಂದ್ಲು. ಹೊಡಸನ. ಆದ್ರೆ ದೋಣಿಗೆ ಹೊಸ್ಲು ಯಾವುದು? ನಿಮ್ಮ ತಾತ ಅಂದ್ರು, ಮೂತಿ. ಅಯ್ನೋರು ಅಂದ್ರು, ಕೂರೋ ಹಲಗೆ. ನಾಗತ್ತೆ ಒಪ್ನಿಲ್ಲ. "ಮನೇಲಿ ಹೊಸ್ಲು ಅಂದ್ರೇನು, ಒಳೀಕ್ಕೆ ಓಗ್ತಾ ಮೊದ್ಲು ಸಿಗೋದು. ದೋಣಿ ಒಳೀಕ್ಕೆ ಓಗ್ತಾ ಮೊದ್ಲು ಕಾಲಿಡೋದೆಲ್ಲಿ, ತಳದಲ್ಲಿ. ಅದೇಯ ಹೊಸ್ಲು." ನಮ್ಗೆಲ್ಲಾರ್ಗೂ ಅದೇ ಸರಿ ಅನ್ನುಸ್ತು. ನಿಮ್ಮ ತಾತ ಸುತ್ತಿಗೆ ತಕಂಡು ದೋಣಿ ತಳಕ್ಕೆ ಟಣ್ ಟಣ್ ಅಂತ ಮೊಳೆ ಹೊಡುದ್ರು. ನಾನು ಅದಕ್ಕೆ ಅರಿಶಿನ ಬಳಿದು, ಕುಂಕುಮ ಇಟ್ಟು, ಹೂವ ಮುಡಿಸ್ದೆ.

ನೀವು ಈಗ್ಲೇ ನಗ್ತಾ ಇದ್ದೀರಿ. ನಮಗೆ ಆಗ ಹೊಳೀನಿಲ್ಲ ಕಣ್ರಪ್ಪ. ಲಾಳ ಅಂದ್ರೆ ಕಾಪಾಡೋ ವಸ್ತು, ಅದರ ಮ್ಯಾಲೆ ಯಾರು ಅನುಮಾನ ಪಡ್ತಾರೆ? ಮಾರನೇ ದಿನಕ್ಕೇ ತಳದಲ್ಲಿ ನೀರು. ಬಾಳ ಅಲ್ಲ, ಪಾದ ತೇವ ಆಗುವಷ್ಟು. "ದೃಷ್ಟಿ" ಅಂದೆ ನಾನು. ಯಾರದು, ರಂಗಶೆಟ್ಟಿದೇ, ಇನ್ಯಾರದು, ನಿಂಬೆಹಣ್ಣ ಜೋಬಿಗೆ ಹಾಕಂಡೋನು. ಮೆಣಸಿನಕಾಯಿ ನಿವಾಳಿಸಿ ಸುಟ್ಟೆ. ಆಮೇಲೆ ಕೊಳ್ಳೇಗಾಲದಿಂದ ನೀರಿನ ಟ್ಯಾಂಕಿಗೆ ಪ್ಯಾಚ್ ಹಾಕೋನ ಕರ್ಕಂಡ್ ಬಂದ್ವಿ. ಅವ "ದೋಣಿ ಮಗುಚಾಕಿ, ತಳ ನೋಡ್ಬೇಕು" ಅಂದ. ಮಗುಚುದ್ರೆ ಲಾಳ ತಲೆ ಕೆಳಗಾಯ್ತದಲ್ಲ, ಬಂದ ಅದೃಷ್ಟ ಎಲ್ಲಾ ಹೊಳೆ ಪಾಲಾಯ್ತದೆ, ಬ್ಯಾಡ ಅಂದೆ ನಾನು. ಪಕ್ಕಕ್ಕೆಲ್ಲಾ ಎಂತದೋ ಅಂಟು ಬಳಿದು ಓದ. ಅವನಿಗೆ ಕೊಟ್ಟಿದ್ದು ಹೇಳುದ್ರೆ ಈಗ್ಲೂ ಹೊಟ್ಟೆ ಉರೀತದೆ, ಬ್ಯಾಡ ಬುಡಿ. ಅದಾದ ಮ್ಯಾಕೆ ಹಗ್ಗ. ಹಗ್ಗವ ಎಮ್ಮೆ ಅಗಿದಾಕ್ತು, ಚೈನು ತಂದ್ವಿ. ಚೈನಿಗೆ ಬೀಗ. ಬೀಗದ ಕೀ ನಿಮ್ಮ ತಾತ ಬಗ್ಗಿದಾಗ ಜೋಬಿಂದ ನೀರಿಗೆ ಬಿತ್ತು, ಬೀಗ ಒಡೆಸಿದ್ವಿ, ಇನ್ನೊಂದು ತಂದ್ವಿ. ಹುಟ್ಟು ಬಂಡೆಗೆ ತಾಕಿ ಮುರೀತು. ಬಣ್ಣ ಬಿಸಿಲಿಗೆ ಸೀಳ್ತು. ದೋಣಿ ಅನ್ನೋದು ಒಂದು ಬಾಯಿ ಕಣ್ರಪ್ಪ, ಏನಾಕುದ್ರೂ ಇನ್ನೂ ತಾ ಅಂತದೆ.

ಅದರಲ್ಲಿ ಕೂರೋದಾದ್ರೂ ಸುಖವಾ? ಹೊಸ್ಲು ತುಳಿಯಂಗಿಲ್ಲ ಅಂತ ನಾನೇ ಕಾಯಿದೆ ಮಾಡಿದ್ನಲ್ಲ, ಎಲ್ಲಾರೂ ಲಾಳ ದಾಟಿ ಒಳೀಕ್ಕೆ ನೆಗೀಬೇಕು. ನೆಗುದ್ರೆ ದೋಣಿ ವಾಲ್ತದೆ. ನಾಗತ್ತೆನೇ ಒಂದ್ಸಲ ರೇಷ್ಮೆ ಸೀರೆ ಉಟ್ಕಂಡು ನೆಗೆದು ಆಚೆ ಕಡೆ ನೀರಿಗೆ ಬಿದ್ಲು, ಮೂಗಿನವರ್ಗೂ ಕೆಸರು. ರಂಗಶೆಟ್ಟಿ ದಡದಲ್ಲಿ ನಿಂತಿದ್ದ, ನಗ್ನಿಲ್ಲ. ನಕ್ಕಿದ್ರೆ ಬೈಬೋದಿತ್ತು. ನಿಮ್ಮ ತಾತ ಹುಟ್ಟು ಹಾಕುದ್ರೆ ನಮ್ಮ ಗದ್ದೆಗೆ ಓಗ್ಬೇಕಾದ ದೋಣಿ ಯಾರ್ದೋ ಬಾಳೆ ತೋಟಕ್ಕೆ ಓಗಿ ನಿಲ್ಲೋದು, ಅಲ್ಲಿಂದ ಕೆಸರಲ್ಲಿ ನಡ್ಕಂಡು ವಾಪಸ್ ಬರಬೇಕು. ಆದ್ರೂ ತೆಪ್ಪ ಹತ್ನಿಲ್ಲ ನಾನು.

ಇದಕ್ಕಿಂತ ದೊಡ್ಡದು ಮನಸಿನ ಪಾಡು. ಅನ್ನಕ್ಕಿಟ್ಟು ಒಲೆ ಮುಂದೆ ಕೂತ್ರೆ, ಬೀಗ ಹಾಕಿದ್ರಾ ಅನ್ನೋದು. ಮೋಡ ಕಂಡ್ರೆ, ಒಳಗೆ ಮಳೆನೀರು ತುಂಬ್ಕತದೆ ಅನ್ನೋದು. ಬಿಸಿಲು ಕಂಡ್ರೆ, ಪೈಬರು ಸೀಳ್ತದೆ ಅನ್ನೋದು. ನೆಂಟರ ಮನೆ ಮದ್ವೇಲಿ ಪಾಯಸ ಬಡಿಸ್ತಾ ಅವ್ರೆ, ನಾನು ಎಲೆ ಬಿಟ್ಟು ಎದ್ದು ಹೊಳೆ ಕಡೆ ಬಂದೆ, ಯಾರೋ ದೋಣೀಲಿ ಕೂತ್ಕಂಡು ಪೋಟೋ ಹೊಡ್ಕತಾವ್ರೆ ಅಂತ ಕೇಳಿ. ಮುಂಚೆ ಹೊಳೆ ನೋಡುದ್ರೆ ಹೊಳೆ ಕಾಣೋದು. ದೋಣಿ ಬಂದ್ಮೇಲೆ ಹೊಳೆ ಕಾಣ್ನಿಲ್ಲ, ಬರೀ ದೋಣಿ ಕಾಣೋದು. ಸುಖ ಅನ್ನೋದು ಆ ವರ್ಷ ನನ್ನ ತಾವು ಸುಳೀನಿಲ್ಲ, ಸತ್ಯ ಹೇಳ್ತೀನಿ.

ಅಂಗಿರ್ಬೇಕಾದ್ರೆ ಮಳೆಗಾಲ ಬಂತು. ಮ್ಯಾಲಣ ಅಣೆಕಟ್ಟೇಲಿ ನೀರು ಬಿಡ್ತಾರೆ, ಹೊಳೆ ಕಡೆ ಯಾರೂ ಓಗ್ಬ್ಯಾಡಿ ಅಂತ ಆಟೋದಲ್ಲಿ ಮೈಕ್ ಕಟ್ಕಂಡು ಸಾರ್ಕಂಡು ಓದ್ರು. ಗಡ್ಡೇಲಿ ಗದ್ದೆಗೆ ನೀರೆತ್ತೋ ನಮ್ಮ ಮೋಟ್ರು ಅದೆ, ನೀರು ಬಂದ್ರೆ ಓಯ್ತದೆ. ನಿಮ್ಮ ತಾತ "ಒಬ್ನೇ ಓಗಿ ಬತ್ತೀನಿ" ಅಂದ್ರು. ನನಗೆ ದಡದಲ್ಲಿ ನಿಂತ್ಕಳಕ್ಕೆ ಆಯ್ತದಾ, ನಾನೂ ಹತ್ತುದೆ. ಓಗೋವಾಗ ಸರಿ ಇತ್ತು. ಮೋಟ್ರು ಬಿಚ್ಚಿ ದೋಣಿಗೆ ಹಾಕಂಡು ವಾಪಸ್ ಹೊರಡೋ ಹೊತ್ಗೆ ನೀರು ಕೆಂಪಗೆ, ದಪ್ಪಗೆ, ಕಸ ಕಡ್ಡಿ ಹೊತ್ಕಂಡು ಬತ್ತಾ ಅದೆ. ಮೋಟ್ರು ಭಾರಕ್ಕೆ ದೋಣಿ ತಗ್ಗಿತ್ತು. ನಡು ಹೊಳೆಗೆ ಬಂದಾಗ ತಳದ ನೀರು ಹಿಮ್ಮಡಿಗೆ ಬಂತು. ನಾನು ತಂಬಿಗೇಲಿ ಎತ್ತಿ ಎತ್ತಿ ಚೆಲ್ತಾ ಇವ್ನಿ, ಚೆಲ್ಲಿದಷ್ಟೂ ಬತ್ತದೆ. ನಿಮ್ಮ ತಾತನ ಕಡೆ ನೋಡ್ದೆ, ಹುಟ್ಟು ಹಾಕ್ತಾ ಹಾಕ್ತಾ ಅವರ ತುಟಿ ಬೆಳ್ಳಗಾಗಿತ್ತು. ಆಗ ಹೆದರಿಕೆ ಆಯ್ತು ನನಗೆ. ಬಾಳ ಹೆದರಿಕೆ ಆಯ್ತು. ಹಟ ಮಾಡಿ ದೋಣಿ ತರ್ಸಿ ಇವರ ನಾನೇ ಮುಳುಗುಸ್ತಾ ಇವ್ನಲ್ಲ ಅನ್ನುಸ್ತು. ಬಗ್ಗಿ ಎಲ್ಡು ಕೈಲೂ ಲಾಳವ ಭದ್ರವಾಗಿ ಇಡ್ಕಂಡು, "ನೀನೇ ಕಾಪಾಡಪ್ಪ" ಅಂದೆ. ಹಲ್ಲು ಕಿತ್ತಂಗೆ ಮೊಳೆ ಸಮೇತ ಕಿತ್ಕಂಡು ಕೈಗೆ ಬಂತು.

ಅದರಡೀಲಿದ್ದ ತೂತಿಂದ ನಲ್ಲಿ ಬಿಟ್ಟಂಗೆ ನೀರು ಚಿಮ್ತು. ಆಗ ಗೊತ್ತಾಯ್ತು. ವರ್ಷವೆಲ್ಲಾ ನಾನು ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡಿದ್ದು ಆ ತೂತಿಗೆ. ಯೋಚನೆ ಮಾಡಕ್ಕೆ ಹೊತ್ತೆಲ್ಲದೆ, ಹಿಮ್ಮಡಿ ತಕಂಡು ತೂತಿನ ಮ್ಯಾಲೆ ಒತ್ತಿ ನಿಂತ್ಕಂಡೆ. ನಿಮ್ಮ ತಾತ ಏನಂದ್ರು ಗೊತ್ತಾ, ಅಂತಾ ಹೊತ್ತಲ್ಲೂ, "ಲೇ ಇವ್ಳೇ, ಹೊಸ್ಲ ತುಳಿಬ್ಯಾಡ ಕಣೇ" ಅಂದ್ರು. "ಹೊಸ್ಲೇ ಬಾಯಿ ಬಿಟ್ಕಂಡು ನೀರು ಕುಡೀತಾ ಅದೆ, ನೀವು ಸುಮ್ನೆ ಹುಟ್ಟು ಹಾಕಿ" ಅಂದೆ. ಹುಟ್ಟು ಎಲ್ಲಿ ಹಾಕ್ತಾರೆ, ಹೊಳೆ ನಮ್ಮನ್ನ ಎಳ್ಕಂಡು ಓಗ್ತಾ ಅದೆ. ದಡದಲ್ಲಿ ರಂಗಶೆಟ್ಟಿ ತೆಪ್ಪವ ಮ್ಯಾಲಕ್ಕೆ ಎಳೆದು ಕವುಚಾಕಿ, ಪಕ್ಕದಲ್ಲಿ ನಿಂತು ನಮ್ಮ ಕಡೆಗೇ ನೋಡ್ತಾ ಅವ್ನೆ. ಮೊದ್ಲು ಕೂಗಕ್ಕೆ ಮನಸು ಒಪ್ನಿಲ್ಲ. ಊರ ಮುಂದೆ ಆಡಿದ ಮಾತಲ್ವಾ, ಅದು ಅಡ್ಡ ನಿಂತಿತ್ತು. ಆಮೇಲೆ ಕೂಗ್ದೆ. ಜೀವ ಬಿಟ್ಟು ಕೂಗ್ದೆ, "ರಂಗಾ, ಬಾರೋ." ಅವ ಆಗ್ಲೇ ತೆಪ್ಪವ ನೀರಿಗೆ ತಳ್ತಾ ಇದ್ದ. ಅಲ್ಲಿಂದಲೇ ಅಂದ, "ಒಂದ್ ಗಳ್ಗೆ ಇರಕ್ಕಾ, ಬಂದೆ."

ಇದ್ದೆ. ಒಂಟಿ ಕಾಲಲ್ಲಿ ನಿಂತಂಗೆ ಇದ್ದೆ. ಅವ ತೆಪ್ಪವ ಪಕ್ಕಕ್ಕೆ ತಂದು ನಿಮ್ಮ ತಾತನ ಮೊದ್ಲು ಎಳ್ಕಂಡ. ಮೋಟ್ರು ಮುಟ್ಟಕ್ಕೂ ಬಿಡ್ನಿಲ್ಲ. ಆಮೇಲೆ ನನಗೆ, "ಕಾಲ್ ತೆಗಿಯಕ್ಕಾ, ಈಚೆಗೆ ಬಾ." "ಕಾಲು ತೆಗುದ್ರೆ ದೋಣಿ ಮುಳುಗ್ತದೆ ಕಣೋ" ಅಂದೆ. ನೋಡಿ ನನ್ನ ಬುದ್ಧಿಯ. ಅವ ಬೈನಿಲ್ಲ, ಏನಿಲ್ಲ, ಕೈ ಚಾಚ್ಕಂಡೇ ಅಂದ, "ಮುಳುಗ್ಲಿ ಬಾ ಅಕ್ಕ." ಕಾಲು ತೆಗುದೆ. ತೆಪ್ಪಕ್ಕೆ ಬಂದು ಬಿದ್ದು, ತಿರುಗಿ ನೋಡೋ ಹೊತ್ಗೆ ದೋಣಿ ಮೂತಿ ಒಂದೇ ಕಾಣ್ತಿತ್ತು, ಅದೂ ಓಯ್ತು. ಅಳ್ತೀನಿ ಅಂದ್ಕಂಡೆ, ಅಳು ಬರ್ನಿಲ್ಲ. ಎಷ್ಟೋ ದಿನದಿಂದ ಹೊತ್ತಿದ್ದ ಮಂಕರಿ ಯಾರೋ ಕೆಳಕ್ಕೆ ಇಳಿಸ್ಕಂಡಂಗಾಯ್ತು.

ದಡಕ್ಕೆ ಬಂದಾಗ ನನ್ನ ಮುಷ್ಟೀಲಿ ಈ ಲಾಳ ಹಂಗೇ ಇತ್ತು. ನಿಮ್ಮ ತಾತ ಕಲ್ಲಿನ ಮ್ಯಾಲೆ ಕೂತು ನಡುಗ್ತಾ ಇದ್ರು, ರಂಗಶೆಟ್ಟಿ ತನ್ನ ಟವಲ್ ತೆಗೆದು ಅವರ ತಲೆ ಒರೆಸ್ದ. ಆಮೇಲೆ ನನ್ನ ಕಡೆ ತಿರುಗಿ, ಮೊಖದಲ್ಲಿ ನಗೂನೇ ತೋರಿಸ್ದೆ ಕೇಳ್ದ, "ಅಕ್ಕಾ, ನನ್ನ ಕೂಗುದ್ಯಲ್ಲ, ಈಗ ಏನಂತ ಹೆಸ್ರು ಮಡಗ್ಲಿ?" "ಏನಾರ ಮಡಗಪ್ಪ, ನೀ ಕರುದ್ರೆ ಓ ಅಂತೀನಿ" ಅಂದೆ. ಅವತ್ತಿಂದ ನನ್ನ ದೋಣಿಯಕ್ಕ ಅಂತಾನೆ, ನಾನೂ ಓ ಅಂತೀನಿ. ಈಗ್ಲೂ ಪೋಟೋದವ್ರು ಬತ್ತಾರೆ, ನಾನು ಮಂಕರಿ ಕೆಳಕ್ಕೆ ಇಳಿಸಿ ಮರದಡಿ ಕೂತ್ಕತೀನಿ. ಹೊಳೆ ನೋಡ್ಕಂಡು.

ಅದಕ್ಕೇ ಹೇಳಿದ್ದು ಸೌಮ್ಯಾ. ಸ್ಕೂಟ್ರಿಗೆ ದೃಷ್ಟಿ ತೆಗೀಬ್ಯಾಡ ಅನ್ನಾಕಿಲ್ಲ ನಾನು, ಒಂದು ನಿಂಬೆಹಣ್ಣು ದಾರದಲ್ಲಿ ಕಟ್ಟು, ಸಾಕು. ಮೊಳೆ ಹೊಡಿಯಕ್ಕೆ ಮುಂಚೆ ಅದರಡೀಲಿ ಏನದೆ ನೋಡ್ಬೇಕು, ಬಾಯಲ್ಲಿ ಆಡೋ ಮಾತಿಗೂ ಅಷ್ಟೇಯ. ಏಳಿ, ಸುತ್ತಿಗೆ ಕೊಡಾಕಿಲ್ಲ.