ಮೊದಲ ಬಹುಮಾನದ ಫೋಟೊ

ಹುಳಿಯಾರು ಬಸ್ ನಿಲ್ದಾಣದಲ್ಲಿ ನನ್ನ ಪಕ್ಕದ ಬೆಂಚಿನ ಮೇಲೆ ಇಬ್ಬರು ಹೆಂಗಸರು ಕೂತಿದ್ದರು. ಕಿರಿಯವಳ ತೊಡೆಯ ಮೇಲೆ ಟವೆಲಿನಲ್ಲಿ ಸುತ್ತಿದ ಫ್ರೇಮು ಇತ್ತು.

"ಅದೇನೇ ಚಿತ್ತಮ್ಮ, ದೇವ್ರ ಫೋಟೋನಾ?"

"ಅಲ್ಲ ಕಣಕ್ಕ, ನಮ್ಮ ವನಜನ ಬಹುಮಾನ. ಐಸ್ಕೂಲಲ್ಲಿ ಡ್ರೋನ್ ಹಾರ್ಸೋದು ಕಲಿಸಿದ್ರಲ್ಲ, ಅವಳೇ ಫಸ್ಟು. ನಮ್ಮನೇನ ಮೇಲಿಂದ ಫೋಟೊ ತಗ್ದಿದ್ಲು."

ಚಿತ್ತಮ್ಮ ಟವೆಲು ಬಿಚ್ಚಿ ತೋರಿಸಿದಳು.

"ಕುರಿ ರೊಪ್ಪ, ತೆಂಗಿನ ಸಸಿ ಎಲ್ಲಾ ಎಷ್ಟ್ ಚೆಂದಾಗಿ ಬಂದವೆ."

"ಚೆಂದಾಗೈತೆ ಅಂತಲೇ ಫಂಕ್ಷನ್‌ನಲ್ಲಿ ಪರದೆ ಮೇಲೆ ತೋರ್ಸಿದ್ರು. ಸರ್ವೇಯರ್ ಮುಂದ್ಗಡೇನೇ ಕೂತಿದ್ರು. ಇದು ಗೋಮಾಳ ಅಲ್ವಾ ಅಂದ್ರಂತೆ."

"ನಿಮ್ಮತ್ತೆ ಕಾಲದಿಂದ ಅಲ್ಲೇ ಇದ್ದೀರಲ್ಲೇ."

"ನೋಟೀಸಿಗೂ ಇದೇ ಫೋಟೊ ಅಂಟ್ಸಿ ಕಳಿಸಿದ್ರು."

"ಪಕ್ಕದ ಛೇರ್ಮನ್ ತೋಟಾನೂ ಗೋಮಾಳದಾಗೇ ಐತಲ್ಲ."

"ಅವ್ರ ತೋಟದ ಮೇಲೆ ಹಾರಿಸ್ಬೇಡಿ ಅಂತ ಮೇಷ್ಟ್ರು ಮೊದಲ್ನೇ ದಿನಾನೇ ಮಕ್ಕಳಿಗೆ ಹೇಳ್ಕೊಟ್ಟಿದ್ರು."

ಹಿರಿಯಾಕೆ ಫ್ರೇಮಿಗೆ ಮತ್ತೆ ಟವೆಲು ಸುತ್ತಿ ಕೊಟ್ಟರು.

"ಇರ್ಲಿ ಬುಡು. ಮಗಳ ಬಹುಮಾನ ಅಲ್ವಾ, ಗೋಡೆಗೆ ಹಾಕು."

"ಯಾವ ಗೋಡೆಗೆ ಹಾಕ್ಲಕ್ಕ? ಸೋಮವಾರ ಜೆಸಿಬಿ ತಂದು ಕೆಡವಿದ್ರು."

ಹಂದನಕೆರೆ ಬಸ್ಸು ಬಂತು. ಇಬ್ಬರೂ ಎದ್ದರು.